ಬೀಗ ಹಾಕಿದ ಮನೆ, ಸೋಫಾ ಮೇಲಿನ ನಾಯಿ

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಸಂಜೆ ಬೀಗ ತೆಗೆದರೆ ಭೀಮ ಬಾಗಿಲ ಹತ್ತಿರವೇ ನೆಲದ ಮೇಲೆ ಕೂತು ಬಾಲ ಆಡಿಸುತ್ತಿದ್ದ. ಸೋಫಾದ ಮೂಲೆಗೆ ಕೈ ಇಟ್ಟರೆ ಇನ್ನೂ ಬೆಚ್ಚಗೆ. ಊಟದ ತಾಟಿನಷ್ಟು ತಗ್ಗು, ಅದರ ತುಂಬ ಕಂದು ಕೂದಲು. ಕೀಲಿಯ ಸಪ್ಪಳಕ್ಕೆ ಕೆಳಗಿಳಿದಿದ್ದ, ಅಷ್ಟೇ.

ಬೈದರೆ ತಲೆ ತಗ್ಗಿಸುತ್ತಿದ್ದ. ‘ನೋಡು, ತಪ್ಪು ಮಾಡೇನಂತ ಅವಂಗ ಗೊತ್ತೈತಿ’ ಎನ್ನುತ್ತಿದ್ದರು ಅಪ್ಪ. ಅವನಿಗೇನೂ ಗೊತ್ತಿರಲಿಲ್ಲ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಪ್ಪನ್ನೇ ಮಾಡದ ನಾಯಿಗಳೂ ಗದರಿದಾಗ ಅದೇ ಮುಖ ಮಾಡಿದ್ದವು. ಮಧ್ಯಾಹ್ನದ ನಿದ್ದೆಗೂ ಸಂಜೆಯ ಬೈಗುಳಕ್ಕೂ ನಾಯಿ ಗಂಟು ಹಾಕುವುದಿಲ್ಲ. ನೀವಿದ್ದಾಗ ಹತ್ತಬಾರದು, ನೀವು ಹೋದ ಮೇಲೆ ಹತ್ತಬಹುದು ಎಂಬುದನ್ನಷ್ಟೇ ಕಲಿಯುತ್ತದೆ.

ಹಾಗಾಗಿ ಮೊದಲ ಕೆಲಸ, ದಾರಿ ಮುಚ್ಚುವುದು. ಹತ್ತಿದಾಗಲೆಲ್ಲ ಮೆತ್ತನೆಯ ಗಾದಿಯೇ ಅದಕ್ಕೆ ಬಹುಮಾನ. ಅದು ಸಿಗುತ್ತಿರುವವರೆಗೆ ಬೇರೆ ಯಾವ ಪಾಠವೂ ತಲೆಗೆ ಹತ್ತುವುದಿಲ್ಲ. ಕೋಣೆಗೆ ಬಾಗಿಲಿದ್ದರೆ ಹಾಕಿಕೊಂಡು ಹೋಗಿ. ಹಳೆ ಮನೆಯ ಪಡಸಾಲಿಗೆ ಬಾಗಿಲೆಲ್ಲಿ? ಅಲ್ಲಿ ಸೋಫಾದ ಗಾದಿಗಳನ್ನು ಎತ್ತಿ ಗೋಡೆಗೆ ಒರಗಿಸಿ, ಇಲ್ಲವೇ ಪ್ಲಾಸ್ಟಿಕ್ ಕುರ್ಚಿಗಳನ್ನು ಅಲುಗದಂತೆ ಬೋರಲು ಹಾಕಿ. ಡಾಂಬರ ಗುಳಿಗೆ ಇಡಬೇಡಿ, ನುಂಗಿದರೆ ವಿಷ. ಖಾರಪುಡಿ ಉದುರಿಸುವವರೂ ಇದ್ದಾರೆ, ‘ಬ್ಯಾಡಗಿದು, ಖಾರ ಕಡಿಮಿ’ ಎಂಬ ಸಮಜಾಯಿಷಿ ಬೇರೆ. ಆ ಕಣ್ಣುರಿ ನಿಮಗೆ ಬೇಕೇ?

ಎರಡನೆಯದು, ಅದಕ್ಕೂ ಒಂದು ಜಾಗ ಬೇಕು. ಬೇಸಿಗೆಯಲ್ಲಿ ನಾಯಿ ತಾನೇ ತಣ್ಣನೆಯ ಫರ್ಸಿ ಹುಡುಕಿಕೊಂಡು ಹೋಗುತ್ತದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅದೇ ಫರ್ಸಿಯ ಮೇಲೆ ಮಲಗಲಾಗುವುದಿಲ್ಲ. ಮುಧೋಳ ತಳಿಗಂತೂ ಮೈಮೇಲೆ ಕೊಬ್ಬಿಲ್ಲ, ಕೂದಲು ಗಿಡ್ಡ. ಎಲುಬು ನೆಲಕ್ಕೆ ಒತ್ತಿ ಮೊಣಕೈ ಚರ್ಮ ದಡ್ಡುಗಟ್ಟುತ್ತದೆ. ಅರ್ಧ ಮುಧೋಳದ ನಮ್ಮ ಭೀಮನ ಮೊಣಕೈ ನೋಡಿದ ಮೇಲೆ, ಇವನು ಸೊಕ್ಕಿಗೆ ಸೋಫಾ ಹತ್ತುತ್ತಿಲ್ಲ ಎಂದು ಹೊಳೆಯಿತು. ಹಳೆ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ಅದರ ಮೇಲೆ ನೀವು ಉಟ್ಟು ಬಿಟ್ಟ, ಇನ್ನೂ ಒಗೆಯದ ಲುಂಗಿಯೋ ಸೀರೆಯೋ ಇರಲಿ; ಸೋಫಾದಲ್ಲಿ ಅದಕ್ಕೆ ಸಿಗುತ್ತಿದ್ದದ್ದೂ ನಿಮ್ಮ ವಾಸನೆಯೇ. ಓಣಿ ಕಾಣುವ ಕಿಟಕಿಯ ಹತ್ತಿರ ಹಾಸಿದರೆ ಇನ್ನೂ ಒಳ್ಳೆಯದು.

ಆಮೇಲೆ ರೂಢಿ. ‘ಜಾಗಾ’ ಎಂದು ಕೌದಿ ತೋರಿಸಿ. ಮಲಗಿದರೆ ಖಡಕ್ ರೊಟ್ಟಿಯ ಒಂದು ಚೂರು. ಉಳ್ಳಾಗಡ್ಡಿ, ಬಳ್ಳೊಳ್ಳಿ ಸೋಕಿದ ರೊಟ್ಟಿ ಬೇಡ, ಎರಡೂ ನಾಯಿಗೆ ಆಗಿಬರುವುದಿಲ್ಲ. ಮುಂದೆ ಚಪ್ಪಲಿ ಮೆಟ್ಟಿ, ಕೀಲಿ ಹಿಡಿದು ಹೊರಗೆ ಹೋಗಿ, ಅರ್ಧ ನಿಮಿಷಕ್ಕೇ ವಾಪಸ್ ಬನ್ನಿ. ಆಮೇಲೆ ಎರಡು ನಿಮಿಷ, ಐದು, ಹದಿನೈದು. ಕಪಾಟಿನ ಮೇಲೆ ಹಳೆ ಮೊಬೈಲ್ ಇಟ್ಟು ವಿಡಿಯೊ ಮಾಡಿ ನೋಡಿ. ನಾಯಿ ಬಾಗಿಲು ಕೆರೆಯುತ್ತ, ಊಳಿಡುತ್ತ ಇದ್ದರೆ ಅದಕ್ಕೆ ಒಂಟಿತನದ ಹೆದರಿಕೆ ಇರಬಹುದು, ಪಶುವೈದ್ಯರನ್ನು ಕೇಳಿ. ಆಫೀಸಿಗೆ ಹೊರಡುವ ಮುಂಚೆ ಸಾಧನಕೇರಿಯದೋ ಉಣಕಲ್ ಕೆರೆಯದೋ ದಂಡೆಯಲ್ಲಿ ಅರ್ಧ ತಾಸು ಮೂಸಿಕೊಂಡು ಅಡ್ಡಾಡಲು ಬಿಟ್ಟರೆ ಅರ್ಧ ದಿನ ನಿದ್ದೆಯಲ್ಲೇ ಕಳೆಯುತ್ತದೆ.

ನಮ್ಮಲ್ಲಿ ಕೆಲಸ ಕೆಟ್ಟದ್ದು ಅಪ್ಪನಿಂದ. ಸಂಜೆ ಟಿವಿ ಮುಂದೆ ಅವರೇ ಭೀಮನನ್ನು ಮೇಲೆ ಕರೆಯುತ್ತಿದ್ದರು. ಹೇಳಿ ಸಾಕಾಗಿ ಒಂದು ರಾಜಿಗೆ ಬಂದೆವು: ಸೋಫಾದ ಮೇಲೆ ನೀಲಿ ಚಾದರ ಹಾಸಿದ್ದರೆ ಮಾತ್ರ ಹತ್ತಬಹುದು. ಹಗಲು ಚಾದರ ಒಳಗೆ, ಕುರ್ಚಿ ಬೋರಲು. ತಿಂಗಳು ಹಿಡಿಯಿತು. ಈಗ ಬೆಳಗ್ಗೆ ಅವ್ವ ಚಾದರ ಮಡಚಲು ಕೈ ಹಚ್ಚಿದರೆ ಸಾಕು, ಭೀಮ ಆಕಳಿಸಿ, ಮೈ ಮುರಿದು, ಕೌದಿಯ ಕಡೆ ನಡೆಯುತ್ತಾನೆ.