ಮಲಯಾಳ ಬಂದ ದಾರಿಯಲ್ಲೇ ಇಂಗ್ಲಿಷ್

ನಮ್ಮ ಕಾಸರಗೋಡಿನ ಕಡೆ ನಾಲ್ಕು ಭಾಷೆ ಆಡುವವರನ್ನು ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ. ನನಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಉಪ್ಪಳದ ಕಡೆ ಹೋದರೆ ಬ್ಯಾರಿ, ಉರ್ದು ಕೂಡ ಕಿವಿಗೆ ಬೀಳುತ್ತದೆ. ಮಲಯಾಳವನ್ನು ನನಗೆ ಯಾರೂ ಕೂರಿಸಿ ಕಲಿಸಲಿಲ್ಲ. ಕಂಡಕ್ಟರ್ ‘ಚಿಲ್ಲರ ಇಲ್ಲೇ?’ ಅಂತ ಕೇಳಿದಾಗ ಜೇಬು ತಡಕಿದೆ, ಆ ಮಾತು ತಲೆಯಲ್ಲಿ ಕೂತಿತು. ಇಂಗ್ಲಿಷನ್ನು ಮಾತ್ರ ವರ್ಷಗಟ್ಟಲೆ ಪರೀಕ್ಷೆಗೆ ಓದಿದರೂ ಬಾಯಿಗೆ ಬರಲಿಲ್ಲ.

ಮಂಗಳೂರಿನಲ್ಲಿ ಕೆಲಸ ಸಿಕ್ಕಿ, ಫೋನಿನಲ್ಲಿ ಆರ್ಡರ್ ತಗೊಳ್ಳಬೇಕಾದಾಗ ಕಷ್ಟ ಶುರುವಾಯಿತು. ಪಾಠದ ದೊಡ್ಡ ದೊಡ್ಡ ಪದ ಬೇಕಾದಷ್ಟು ಗೊತ್ತಿತ್ತು. ಸ್ಟಾಕ್ ಮುಗಿದಿದೆ, ಡೆಲಿವರಿ ನಾಳೆಗೆ ಹೋಗಿದೆ ಅನ್ನುವುದಕ್ಕೆ ಬರುತ್ತಿರಲಿಲ್ಲ.

ಹಾಗಾಗಿ ಪದಗಳ ಪಟ್ಟಿ ಬಿಟ್ಟು ವಾಕ್ಯಗಳನ್ನು ಹಿಡಿದುಕೊಂಡೆ. ಇವತ್ತು ಫೋನಿನಲ್ಲಿ ಎಲ್ಲಿ ತಡವರಿಸಿದೆನೋ ಅದೇ ಇವತ್ತಿನ ಪಾಠ. ಕಾರ್ಡಿನ ಒಂದು ಬದಿಗೆ ಸಂದರ್ಭ ಕನ್ನಡದಲ್ಲಿ, ಇನ್ನೊಂದು ಬದಿಗೆ ಇಂಗ್ಲಿಷ್ ವಾಕ್ಯ. ‘ವಿ ಹ್ಯಾವ್ ರನ್ ಔಟ್ ಆಫ್ ಸ್ಟಾಕ್’ ಅಂತ ಒಂದು ಬರೆದರೆ, ಸಂಜೆ ಮನೆಯಲ್ಲಿ ಗ್ಯಾಸ್ ಮುಗಿದಾಗ ಅದೇ ಸಾಲಿಗೆ ಗ್ಯಾಸ್ ಹಾಕಿ ಹೇಳುವುದು. ಮರುದಿನ ಬಸ್ಸಿನಲ್ಲಿ ಚಿಲ್ಲರೆ ಇಲ್ಲದಾಗ ಚೇಂಜ್ ಹಾಕಿ ಇನ್ನೊಮ್ಮೆ.

ಆ ಕಾರ್ಡುಗಳನ್ನು ಖಾನೆ ಮಾಡಿದ ಚಪ್ಪಲಿ ಡಬ್ಬದಲ್ಲಿ ಇಟ್ಟೆ. ಸರಿ ಹೇಳಿದ ಕಾರ್ಡು ಮುಂದಿನ ಖಾನೆಗೆ, ತಪ್ಪಿದ್ದು ವಾಪಸ್ ಮೊದಲನೆಯದಕ್ಕೆ. ಮೊದಲ ಖಾನೆ ದಿನಾ ನೋಡಬೇಕು, ಮುಂದಿನವು ಅಪರೂಪಕ್ಕೆ. ಇದು ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಹೇಳಿಕೊಟ್ಟ ಉಪಾಯ. ಕಾರ್ಡು ತೋರಿಸಿ ಕಲಿಸುವ ಈಗಿನ ಹಲವು ಮೊಬೈಲ್ ಆ್ಯಪ್‌ಗಳು ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಕೆಲಸಕ್ಕೆ ಹೋಗುವ ಬಸ್ಸು ಕುಂಬಳೆ ದಾಟಿ ತಲಪಾಡಿಗೆ ಬರುವಷ್ಟರಲ್ಲಿ ಒಂದು ಕಟ್ಟು ಮುಗಿಯುತ್ತದೆ. ಬಾಯಿಬಿಟ್ಟು ಹೇಳಬೇಕು, ಮನಸ್ಸಿನಲ್ಲೇ ಅಂದುಕೊಂಡರೆ ಆಗುವುದಿಲ್ಲ. ಪಕ್ಕದವರು ಒಂಥರಾ ನೋಡುತ್ತಾರೆ, ನೋಡಲಿ.

ಎಷ್ಟು ಪದ ಬೇಕು? ಬ್ರಿಟನ್ನಿನ ಭಾಷಾತಜ್ಞ ಸಿ.ಕೆ. ಆಗ್ಡನ್ 1930ರಲ್ಲಿ 850 ಪದಗಳ ‘ಬೇಸಿಕ್ ಇಂಗ್ಲಿಷ್’ ಅನ್ನುವ ಸರಳ ಇಂಗ್ಲಿಷ್ ಮಾಡಿದ್ದರು. ಅದರಲ್ಲಿ ಕ್ರಿಯಾಪದ ಬರೀ 18. ಗೆಟ್, ಪುಟ್, ಟೇಕ್, ಕೀಪ್, ಇಂಥವೇ. ಲೆಕ್ಕ ಚೆನ್ನಾಗಿದೆ, ಆದರೆ ನನಗೆ ಅದರಲ್ಲಿ ಸ್ವಲ್ಪ ಮೋಸ ಕಾಣುತ್ತದೆ. ‘ಪುಟ್’ ಗೊತ್ತು ಅಂತ ‘ಪುಟ್ ಆಫ್’ (ಮುಂದೂಡುವುದು), ‘ಪುಟ್ ಅಪ್ ವಿತ್’ (ಸಹಿಸಿಕೊಳ್ಳುವುದು) ತಾನಾಗಿ ಗೊತ್ತಾಗುತ್ತದಾ? ಒಂದೊಂದನ್ನೂ ಬೇರೆಯೇ ಕಲಿಯಬೇಕು. ಆದರೂ ಆ ಪಟ್ಟಿಯಿಂದ ಒಂದು ಉಪಕಾರ ಆಯಿತು. ದಿನದ ಮಾತಿಗೆ ಈ ಸಣ್ಣ ಕ್ರಿಯಾಪದಗಳೇ ಜಾಸ್ತಿ ಬೇಕು ಅಂತ ತಿಳಿದು, ನನ್ನ ಕಾರ್ಡುಗಳಲ್ಲಿ ಅವಕ್ಕೇ ಜಾಗ ಕೊಟ್ಟೆ.

ಇನ್ನೊಂದು ಕಟ್ಟು ಭಾಷೆಗಳ ಬಗ್ಗೆಯೇ ಇದೆ. ಊರು ಕಾಸರಗೋಡು ಅಂದ ಕೂಡಲೇ ಹೊರಗಿನವರು ಕೇಳುವುದು ‘ಎಷ್ಟು ಭಾಷೆ ಬರುತ್ತದೆ?’ ಅಂತ. ಮೊದಲು ‘ಫೈವ್’ ಅಂದು ಸುಮ್ಮನಾಗುತ್ತಿದ್ದೆ. ಈಗ ಮಾತು ಮುಂದುವರಿಯುತ್ತದೆ. ‘ಐ ಗ್ರೂ ಅಪ್ ಸ್ಪೀಕಿಂಗ್ ತುಳು.’ ‘ಐ ಪಿಕ್ಡ್ ಅಪ್ ಮಲಯಾಳಂ ಆನ್ ದ ಬಸ್, ಬಟ್ ಐ ರೀಡ್ ಇಟ್ ಸ್ಲೋಲಿ.’ ‘ಇನ್ ಹಿಂದಿ ಐ ಕ್ಯಾನ್ ಜಸ್ಟ್ ಗೆಟ್ ಬೈ.’ ನಾಲ್ಕೈದು ಸಾಲು ಸಾಕು, ಎದುರಿನವರು ತಮ್ಮ ಭಾಷೆಯ ಕಥೆ ಶುರು ಮಾಡುತ್ತಾರೆ. ಆಮೇಲೆ ನಮಗೆ ಕೇಳುವ ಕೆಲಸವೇ ಜಾಸ್ತಿ.

ದುಬೈಯಲ್ಲಿರುವ ಭಾವನ ಜೊತೆ ಶುಕ್ರವಾರ ಫೋನಿನಲ್ಲಿ ಇಂಗ್ಲಿಷೇ ಮಾತಾಡಬೇಕು ಅಂತ ಒಪ್ಪಂದ. ಚೆನ್ನಾಗಿಯೇ ಸಾಗುತ್ತದೆ, ಅಡಿಕೆ ರೇಟಿನ ಮಾತು ಬರುವವರೆಗೆ. ಅದು ಬಂದ ಕೂಡಲೇ ಇಬ್ಬರೂ ತುಳುವಿಗೆ ಇಳಿಯುತ್ತೇವೆ. ಹಾಗಾಗಿ ಈ ವಾರದ ಕಾರ್ಡೆಲ್ಲ ಅಡಿಕೆಯದ್ದೇ: ಸುಲಿದದ್ದು, ಒಣಗಿದ್ದು, ರೇಟು ಏರಿದ್ದು, ಇಳಿದದ್ದು.