ಅಜ್ಜಿಯ ದಾಸವಾಳ, ನನ್ನ ಇಲಿಗಳು

ನಮ್ಮಜ್ಜಿಯ ಊರು ಮದ್ದೂರಿನ ಹತ್ತಿರ. ಹಿತ್ತಲ ಬೇಲಿ ತುಂಬ ಕೆಂಪು ದಾಸವಾಳ, ಐದೆಸಳಿನದು. ಹಿಂದೆ ಹೆಂಗಸರು ಬಸುರಾಗದಿರಲಿ ಅಂತ ಈ ಹೂವನ್ನು ಅರೆದು ಕುಡಿಯುತ್ತಿದ್ದರಂತೆ. ಪಿಎಚ್‌ಡಿಗೆ ವಿಷಯ ಹುಡುಕುತ್ತಿದ್ದಾಗ ಅದು ನೆನಪಾಗಿ, "ನೀನೂ ಕುಡಿದಿದ್ದಾ ಅಜ್ಜಿ?" ಅಂತ ಕೇಳಿದೆ.

"ಕುಡ್ದಿದ್ದೆ ಕಣವ್ವ. ಏಳು ಮಕ್ಳಾದೊ" ಅಂತ ನಕ್ಕಳು.

ನಾನೂ ನಕ್ಕೆ. ಆ ಮಾತಿನ ತೂಕ ಗೊತ್ತಾಗಿದ್ದು ಎರಡು ವರ್ಷ ಆದಮೇಲೆ.

ದಾಸವಾಳದ ಮೇಲೆ ನಮ್ಮ ದೇಶದಲ್ಲೇ ಇಲಿಗಳಲ್ಲಿ ಸಾಕಷ್ಟು ಪ್ರಯೋಗ ನಡೆದಿವೆ. ಹಳೆಯವರು ಬೆಂಜೀನ್‌ನಲ್ಲಿ ಸಾರ ತೆಗೆಯುತ್ತಿದ್ದರು. ನಮ್ಮ ಗೈಡ್ ಮೇಡಂ ಒಪ್ಪಲಿಲ್ಲ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು, ಅಲ್ವಾ? ಹಾಗಾಗಿ ಪೆಟ್ರೋಲಿಯಂ ಈಥರ್, ಆಮೇಲೆ ಆಲ್ಕೋಹಾಲ್. ಹೂವನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸಾಕ್ಸ್‌ಲೆಟ್ ಅನ್ನೋ ಸಾರ ತೆಗೆಯುವ ಗಾಜಿನ ಉಪಕರಣದಲ್ಲಿ ಗಂಟೆಗಟ್ಟಲೆ ಕುದಿಸಬೇಕು. ಒಂದು ಚೀಲ ಹಸಿ ಹೂ ಕೊನೆಗೆ ಒಂದು ಚಿಕ್ಕ ಬೀಕರ್‌ನ ತಳದಲ್ಲಿ ಕಪ್ಪು ಅಂಟಾಗಿ ಕೂರುತ್ತದೆ.

ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ ಬಂದಮೇಲೆ ಇಲಿಗಳ ಸರದಿ. ಹೆಣ್ಣಿಲಿ ಬೆದೆಗೆ ಬರುವ ಚಕ್ರ ನಾಲ್ಕೈದು ದಿನದ್ದು. ದಿನಾ ಬೆಳಿಗ್ಗೆ ಯೋನಿಯಿಂದ ಒಂದು ಹನಿ ತೆಗೆದು ಸ್ಲೈಡಿನ ಮೇಲೆ ಹಾಕಿ ನೋಡಬೇಕು. ಮೊದಲ ತಿಂಗಳು ಏನೂ ತಿಳಿಯಲಿಲ್ಲ. ಆಮೇಲೆ ಕಣ್ಣು ಪಳಗಿತು. ಅವಲಕ್ಕಿ ಹರಡಿದ ಹಾಗೆ ಚಪ್ಪಟೆ ಕಣಗಳಿದ್ದರೆ ಇಲಿ ಬೆದೆಗೆ ಬಂದಿದೆ. ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಬಿಳಿರಕ್ತಕಣ ತುಂಬಿದ್ದರೆ ಇನ್ನೂ ಕಾಯಬೇಕು. ಬೆದೆಗೆ ಬಂದದ್ದನ್ನು ರಾತ್ರಿ ಗಂಡಿನ ಜೊತೆ ಬಿಟ್ಟು, ಬೆಳಿಗ್ಗೆ ಹನಿಯಲ್ಲಿ ವೀರ್ಯಾಣು ಕಂಡರೆ ಅದು ಗರ್ಭದ ಮೊದಲ ದಿನ. ಅಲ್ಲಿಂದ ಏಳು ದಿನ ಸಾರ ಕುಡಿಸಿ, ಹತ್ತನೇ ದಿನ ಅರಿವಳಿಕೆ ಕೊಟ್ಟು ಹೊಟ್ಟೆ ತೆರೆದು ನೋಡುವುದು. ಗರ್ಭ ಕಟ್ಟಿದ್ದರೆ ಗರ್ಭಕೋಶದ ಎರಡೂ ಕೊಂಬುಗಳಲ್ಲಿ ದಾರಕ್ಕೆ ಪೋಣಿಸಿದ ಮಣಿಗಳಂತೆ ಗಂಟುಗಳು.

ಮೊದಲ ಸಲ ತೆರೆದಾಗ ಅರ್ಧಕ್ಕಿಂತ ಜಾಸ್ತಿ ಇಲಿಗಳಲ್ಲಿ ಮಣಿಗಳೇ ಇಲ್ಲ. ಕೊಂಬು ನುಣ್ಣಗಿತ್ತು. ಅವತ್ತು ಲ್ಯಾಬಿಗೆಲ್ಲ ಮೈಸೂರ್‌ಪಾಕ್ ಹಂಚಿದೆ.

ಆಮೇಲೆ ದಸರಾ ಬಂತು. ಅರಮನೆಗೆ ಸುಮಾರು ಲಕ್ಷ ಬಲ್ಬು ಹತ್ತಿದ್ದವು, ನಮ್ಮ ಇಲಿ ಕೋಣೆಯಲ್ಲೂ ಒಂದು ಹತ್ತಿತ್ತು. ಟೈಮರ್ ಕೆಟ್ಟಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ ಬೇಕಾದ ಪ್ರಾಣಿಗಳು ರಜೆಯುದ್ದಕ್ಕೂ ಬೆಳಕಲ್ಲೇ ಇದ್ದವು. ವಾಪಸ್ ಬಂದು ನೋಡಿದರೆ ಸ್ಲೈಡ್ ತುಂಬ ಅವಲಕ್ಕಿಯೇ. ಚಕ್ರ ಪೂರ್ತಿ ಏರುಪೇರು. ಆ ಗುಂಪನ್ನೇ ಕೈಬಿಡಬೇಕಾಯಿತು. ರಜೆಗೆ ಮುಂಚೆ ಟೈಮರ್ ನೋಡದಿದ್ದದ್ದು ನನ್ನದೇ ತಪ್ಪು.

ಹೊಸ ಇಲಿಗಳು, ಹೊಸ ಹೂ. ಅದೇ ಬೇಲಿ, ಅದೇ ಗಿಡ, ಆದರೆ ಮಳೆಗಾಲದಲ್ಲಿ ಕಿತ್ತದ್ದು. ಈ ಸಲ ಹೊಟ್ಟೆ ತೆರೆದರೆ ಹೆಚ್ಚುಕಮ್ಮಿ ಎಲ್ಲದರಲ್ಲೂ ಮಣಿಗಳು. ಕೊಂಬು ಕೈಯಲ್ಲಿ ಹಿಡಿದೇ ಅಜ್ಜಿಯ ಏಳು ಮಕ್ಕಳು ನೆನಪಾದರು, ನಮ್ಮಪ್ಪನೂ ಸೇರಿ.

ಗರ್ಭ ತಡೆಯುವ ಗಿಡ ಸಿಗುವುದು ಅಷ್ಟು ಕಷ್ಟವಲ್ಲ. ಪ್ರತಿ ಸಲವೂ ಅಷ್ಟೇ ತಡೆಯಬೇಕು, ಬಿಟ್ಟಮೇಲೆ ಮತ್ತೆ ಮಕ್ಕಳಾಗಬೇಕು, ಜೀವಕ್ಕೆ ಕುತ್ತು ತರಬಾರದು. ಸೋಲುವುದು ಅಲ್ಲೇ. ಗುಲಗಂಜಿಯೂ ಗರ್ಭ ತಡೆಯುತ್ತದೆ ಅನ್ನುತ್ತಾರೆ, ಆದರೆ ಆ ಬೀಜದಲ್ಲಿರುವ ಅಬ್ರಿನ್ ಮನುಷ್ಯರನ್ನೇ ಕೊಲ್ಲುವ ವಿಷ. ಗಿಡದ್ದು, ಏನೂ ಆಗಲ್ಲ ಅಂತ ಯಾರಾದರೂ ಅಂದರೆ ನನಗೆ ಸಿಟ್ಟೇ ಬರುತ್ತದೆ.

ಇವತ್ತಿನ ಗರ್ಭನಿರೋಧಕ ಮಾತ್ರೆಯ ಬೇರೂ ಗಿಡದಲ್ಲೇ ಇದೆ. 1940ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ ಮೆಕ್ಸಿಕೋದ ಕಾಡುಗೆಣಸಿನಲ್ಲಿರುವ ಡಯೋಸ್ಜೆನಿನ್ ಅನ್ನೋ ವಸ್ತುವಿನಿಂದ ಪ್ರೊಜೆಸ್ಟರಾನ್ ಅನ್ನೋ ಹೆಣ್ಣು ಹಾರ್ಮೋನ್ ಮಾಡಿದ. 1951ರಲ್ಲಿ ಅಲ್ಲಿಯ ಸಿಂಟೆಕ್ಸ್ ಕಂಪನಿಯಲ್ಲೇ ಮಾತ್ರೆಗೆ ಬೇಕಾದ, ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ ನೊರೆಥಿಸ್ಟರಾನ್ ತಯಾರಾಯಿತು. ಆದರೆ ಆ ಗೆಣಸು ಸುಮ್ನೆ ತಿಂದರೆ ಗರ್ಭ ತಡೆಯುವುದಿಲ್ಲ. ಡಯೋಸ್ಜೆನಿನ್ ನಮ್ಮ ಮೈಯೊಳಗೆ ಪ್ರೊಜೆಸ್ಟರಾನ್ ಆಗುವುದಿಲ್ಲ, ಅದನ್ನು ಲ್ಯಾಬಿನಲ್ಲೇ ಮಾಡಬೇಕು.

ಹಾಗಾಗಿ ಇಲಿಗಳನ್ನು ಸದ್ಯಕ್ಕೆ ಬಿಟ್ಟು, ಎರಡು ಕಾಲದ ಹೂವಿನ ಸಾರವನ್ನೂ ಬೇರೆ ಬೇರೆ ಭಾಗ ಮಾಡಿ, ಯಾವುದರಲ್ಲಿ ಏನಿದೆ ಅಂತ ನೋಡುತ್ತಿದ್ದೇನೆ. ಈಗ ಪ್ರತಿ ಚೀಲದ ಮೇಲೂ ಕಿತ್ತ ತಾರೀಕು ಬರೆಯುತ್ತೇನೆ. ಬರೆಯಲು ಬಾರದ ಅಜ್ಜಿ ಪ್ರತಿ ಚೀಲಕ್ಕೂ ಒಂದು ಗಂಟು ಹಾಕಿ, "ಇದು ಅಮಾಸೆ ಮಾರ್ನೆ ದಿನದ್ದು, ಬರ್ಕೊ" ಅನ್ನುತ್ತಾಳೆ.