ಹೊಗೆಯೋ ಪರಿಮಳವೋ: ನಮ್ಮನೆಯ ಊದುಬತ್ತಿ ಪರೀಕ್ಷೆ

ಅತ್ತೆಗೆ ಸಂಜೆ ದೀಪ ಹಚ್ಚಿದ ಮೇಲೆ ಊದುಬತ್ತಿಯ ಹೊಗೆ ಮನೆಯೆಲ್ಲ ಸುತ್ತಬೇಕು. ಇಲ್ಲದಿದ್ದರೆ ಅವರಿಗೆ ಪೂಜೆ ಆದ ಹಾಗೇ ಅಲ್ಲ. ನಮ್ಮ ಯಜಮಾನರಿಗೆ ಮಲ್ಲಿಗೆ ಬತ್ತಿ ಅಂದರೆ ತಲೆನೋವು. ಮಗಳು ಯಾವುದನ್ನು ಹಚ್ಚಿದರೂ ಸೀನುತ್ತಾಳೆ. ನನಗೆ ಸಾಂಬ್ರಾಣಿ ಅಂದರೆ ಪ್ರಾಣ, ಆದರೆ ಈಗ ಬರುವ ಸ್ಟ್ರಾಬೆರಿ, ಪೈನಾಪಲ್ ಬತ್ತಿಗಳು ಹೊಟ್ಟೆ ತೊಳಸುತ್ತವೆ. ಬನಶಂಕರಿಯ ಎರಡು ರೂಮಿನ ಮನೆಯಲ್ಲಿ ಈ ನಾಲ್ಕೂ ಮೂಗುಗಳು ಒಂದೇ ಗಾಳಿ ಎಳೆದುಕೊಳ್ಳಬೇಕು.

ಬತ್ತಿನೇ ಬೇಡ ಅಂದುಬಿಡಬಹುದಿತ್ತು. ಅತ್ತೆಯ ಮುಂದೆ ಆ ಮಾತು ಎತ್ತುವವರು ಯಾರು? ಅದೂ ಅಲ್ಲದೆ ನನಗೂ ಸಂಜೆಯ ಆ ವಾಸನೆ ಬೇಕು. ಹಾಗಾಗಿ ಯಾರಿಗೆ ಯಾವುದು ಆಗಿಬರುವುದಿಲ್ಲ, ಯಾಕೆ ಆಗಿಬರುವುದಿಲ್ಲ ಅಂತ ಒಂದೊಂದಾಗಿ ನೋಡುತ್ತಾ ಹೋದೆ.

ಮೊದಲು ಬಿಡಿಸಬೇಕಾದ ಗಂಟು ಇದು: ತೊಂದರೆ ಕೊಡುತ್ತಿರುವುದು ಹೊಗೆಯೋ, ಪರಿಮಳವೋ? ಎರಡೂ ಒಟ್ಟಿಗೇ ಬರುವುದರಿಂದ ಒಂದೇ ಅಂದುಕೊಂಡುಬಿಡುತ್ತೇವೆ. ಮೂಗಿಗೆ ಅವು ಬೇರೆ ಬೇರೆ. ವಾಸನೆ ಹಿಡಿಯುವ ನರ ಒಂದು, ಉರಿ ಮತ್ತು ಘಾಟು ಹಿಡಿಯುವ ನರ ಇನ್ನೊಂದು. ಒಣಮೆಣಸಿನಕಾಯಿ ಹುರಿದರೆ ಪಕ್ಕದ ಮನೆಯವರೂ ಕೆಮ್ಮುತ್ತಾರಲ್ಲ, ಅದು ಎರಡನೆಯದರ ಕೆಲಸ. ಘಾಟು ಜಾಸ್ತಿಯಾದರೆ ಯಾರ ಮೂಗಾದರೂ ಸೋರುತ್ತದೆ. ವಾಸನೆಯ ವಿಷಯ ಹಾಗಲ್ಲ. ನಮ್ಮ ಮೂಗಿನಲ್ಲಿ ವಾಸನೆ ಗುರುತಿಸುವ ಗ್ರಾಹಕಗಳು ಸುಮಾರು 400 ಬಗೆಯವು ಇವೆ. ಇವುಗಳ ಜೀನ್‌ಗಳನ್ನು ಪತ್ತೆ ಮಾಡಿದ್ದಕ್ಕೇ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂದದ್ದು. ಆ ಜೀನ್‌ಗಳು ಒಬ್ಬರಿಗಿದ್ದ ಹಾಗೆ ಇನ್ನೊಬ್ಬರಿಗೆ ಇರುವುದಿಲ್ಲ. ಒಂದೇ ಬತ್ತಿ ಒಬ್ಬರಿಗೆ ಹಿತ, ಇನ್ನೊಬ್ಬರಿಗೆ ಹಿಂಸೆ ಆಗಲು ಅದೂ ಒಂದು ಕಾರಣ.

ಎರಡನ್ನೂ ಬೇರೆ ಮಾಡಲು ನನಗೆ ಸೆಂಟ್ ಹಾಕದ ಬತ್ತಿ ಬೇಕಿತ್ತು. ಚಿಕ್ಕಪೇಟೆ ಕಡೆ ಅಗರಬತ್ತಿಯ ಕಚ್ಚಾ ಮಾಲು ಮಾರುವ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವರು ಮುಖ ನೋಡಿದರು. ‘ಅದಕ್ಕೆ ವಾಸನೆನೇ ಇರಲ್ಲ ಅಕ್ಕಾ. ಸೆಂಟ್ ಬೇರೆ ತಗೊಂಡು ಅದ್ದಬೇಕು. ಮನೆಗೆ ಯಾಕೆ?’ ಅಂದರು. ವಾಸನೆ ಇಲ್ಲ ಅಂತಲೇ ಬೇಕು ಅಂದೆ. ಕಪ್ಪಗೆ, ಒರಟಾಗಿ, ಮುಟ್ಟಿದರೆ ಬೆರಳಿಗೆ ಮಸಿ ಹತ್ತುವ ಬತ್ತಿಗಳು. ಬಿದಿರು ಕಡ್ಡಿಯ ಮೇಲೆ ಇದ್ದಿಲ ಪುಡಿ, ಮರದ ಪುಡಿ, ಅಂಟಿಗೆ ಜಿಗಟು ಪುಡಿ, ಅಷ್ಟೇ. ಇದನ್ನು ಎಣ್ಣೆಯಂಥ ದ್ರಾವಣದಲ್ಲಿ ತೆಳು ಮಾಡಿದ ಸೆಂಟ್‌ನಲ್ಲಿ ಅದ್ದಿ ಒಣಗಿಸಿದರೆ ನಾವು ಕೊಳ್ಳುವ ಸಾಮಾನ್ಯ ಬತ್ತಿ ತಯಾರು. ಆ ದ್ರಾವಣ ಹೆಚ್ಚಾಗಿ ಡೈಈಥೈಲ್ ಥಾಲೇಟ್ ಎಂಬ ರಾಸಾಯನಿಕ. ಮಸಾಲೆ ಬತ್ತಿಯಲ್ಲಿ ಹಾಗಲ್ಲ, ಗಂಧದ ಪುಡಿ, ಗೋಂದು, ಬೇರು ಎಲ್ಲವನ್ನೂ ಹಿಟ್ಟಿನಲ್ಲೇ ಕಲಸಿ ಹೊಸೆಯುತ್ತಾರೆ.

ಕಚ್ಚಾ ಬತ್ತಿ ಹಚ್ಚಿ ಹಾಲ್‌ನಲ್ಲಿಟ್ಟೆ. ಸುಟ್ಟ ಕಡ್ಡಿಯ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಮಗಳು ಅದಕ್ಕೂ ಸೀನಿದಳು. ಯಜಮಾನರು ಆರಾಮಾಗಿ ಪೇಪರ್ ಓದುತ್ತಾ ಕೂತಿದ್ದರು. ಇನ್ನೊಂದು ದಿನ ಮಲ್ಲಿಗೆ ಬತ್ತಿಯ ಪ್ಯಾಕೆಟ್ ಬಿಚ್ಚಿ, ಹಚ್ಚದೆ, ಸೋಫಾ ಹಿಂದೆ ಇಟ್ಟೆ. ಮಗಳಿಗೆ ಏನೂ ಆಗಲಿಲ್ಲ. ಯಜಮಾನರು ಸ್ವಲ್ಪ ಹೊತ್ತಿಗೇ ಹಣೆ ಉಜ್ಜಿಕೊಳ್ಳಲು ಶುರು ಮಾಡಿದರು. ಒಂದೇ ಮನೆಯಲ್ಲಿ ಎರಡು ಬೇರೆ ಕಾಯಿಲೆ! ಮಗಳಿಗೆ ಹೊಗೆ ಆಗದು, ಇವರಿಗೆ ಆ ಸೆಂಟ್ ಆಗದು. ತಮಾಷೆ ಅಂದರೆ ನಾನು ಮುಡಿಯುವ ಮಲ್ಲಿಗೆ ಇವರಿಗೆ ಏನೂ ಮಾಡುವುದಿಲ್ಲ. ಹೂವಿನ ಪರಿಮಳದಲ್ಲಿ ನೂರಾರು ಅಂಶಗಳು ಬೆರೆತಿರುತ್ತವೆ. ಬತ್ತಿಯಲ್ಲಿ ಅದರ ಕೆಲವನ್ನಷ್ಟೇ ಕಾರ್ಖಾನೆಯಲ್ಲಿ ಮಾಡಿ ದಟ್ಟವಾಗಿ ಹಾಕಿರುತ್ತಾರೆ.

ಇಲ್ಲಿ ಒಂದು ಎಚ್ಚರ ಬೇಕು. ಹೆಸರು ಗೊತ್ತಿದ್ದರೆ ಮೂಗು ಮೊದಲೇ ತೀರ್ಪು ಕೊಟ್ಟಿರುತ್ತದೆ. ನಾನು ಬತ್ತಿಗಳನ್ನು ಪ್ಯಾಕೆಟ್‌ನಿಂದ ತೆಗೆದು ಪೇಪರ್‌ನಲ್ಲಿ ಸುತ್ತಿ ನಂಬರ್ ಬರೆದಿಟ್ಟಿದ್ದೆ. ಒಮ್ಮೆ ಗಂಧದ ಬತ್ತಿ ಹಚ್ಚಿ ‘ಇದು ಮಲ್ಲಿಗೆ ನೋಡಿ’ ಅಂದೆ. ಪಾಪ, ಅದಕ್ಕೂ ಹಣೆ ಹಿಡಿದುಕೊಂಡರು. ಹಾಗಂತ ಅವರ ತಲೆನೋವು ಬರೀ ಭ್ರಮೆಯೂ ಅಲ್ಲ. ಹೆಸರು ಹೇಳದೆ ಮಲ್ಲಿಗೆ ಹಚ್ಚಿದಾಗಲೆಲ್ಲ ಅದು ತಪ್ಪದೆ ಬಂತು.

ಕಸ್ತೂರಿ ಬತ್ತಿಗೆ ಇನ್ನೊಂದು ಕಥೆ. ನನಗೂ ಅತ್ತೆಗೂ ಅದು ದಟ್ಟ ಪರಿಮಳ, ಇವರಿಗೆ ಬರೀ ಹೊಗೆ. ಕೆಲವು ಬಗೆಯ ಕಸ್ತೂರಿ ಸೆಂಟ್‌ಗಳು ಕೆಲವರಿಗೆ ಹುಟ್ಟಿನಿಂದಲೇ ಗೊತ್ತಾಗುವುದಿಲ್ಲ, ಉಳಿದ ವಾಸನೆಗಳೆಲ್ಲ ಸರಿಯಾಗಿ ಗೊತ್ತಾಗುತ್ತವೆ. ಅಂದಹಾಗೆ ಆ ಬತ್ತಿಯಲ್ಲಿ ನಿಜವಾದ ಕಸ್ತೂರಿ ಹುಡುಕಬೇಡಿ. ಕಸ್ತೂರಿ ಮೃಗಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅಂಗಡಿಯ ಬತ್ತಿಯಲ್ಲಿರುವುದು ಪ್ರಯೋಗಾಲಯದ ಸರಕು.

ಅತ್ತೆಯದು ಬೇರೆಯೇ ಸಮಸ್ಯೆ. ‘ಇವತ್ತು ಬತ್ತಿಗೆ ವಾಸನೆನೇ ಇಲ್ಲ ಕಣಮ್ಮಾ’ ಅಂತ ಇನ್ನೆರಡು ಹಚ್ಚುತ್ತಿದ್ದರು. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕೂತರೆ ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದು ಎಲ್ಲರಿಗೂ ಆಗುವುದೇ. ವಯಸ್ಸಾದಂತೆ ಮೂಗು ಮಂದವಾಗುವುದೂ ಇದೆ. ವಾದ ಮಾಡುವ ಬದಲು ‘ಅತ್ತೆ, ಒಂದು ಸುತ್ತು ಬಾಲ್ಕನಿಗೆ ಹೋಗಿ ತುಳಸಿಗೆ ದೀಪ ಇಟ್ಟು ಬನ್ನಿ’ ಅಂದೆ. ಒಳಗೆ ಬಂದವರೇ ‘ಓ, ಘಮ್ ಅಂತಿದೆಯಲ್ಲ’ ಅಂದರು. ಅಲ್ಲಿಗೆ ಎರಡನೇ ಬತ್ತಿ ನಿಂತಿತು.

ಹೊಗೆಯ ಕಡೆಗೆ ಬರೋಣ. ತೂಕಕ್ಕೆ ತೂಕ ನೋಡಿದರೆ ಊದುಬತ್ತಿ ಸಿಗರೇಟಿಗಿಂತ ಜಾಸ್ತಿ ಕಣ ಬಿಡುತ್ತದೆ. ಒಂದು ಗ್ರಾಂ ಉರಿದರೆ ಬತ್ತಿಯಿಂದ ಸುಮಾರು 45 ಮಿಲಿಗ್ರಾಂ, ಸಿಗರೇಟಿನಿಂದ ಸುಮಾರು 10 ಮಿಲಿಗ್ರಾಂ ಅಂತ ಸಂಶೋಧಕರ ಲೆಕ್ಕವಿದೆ. ಆಫೀಸಿನವರೊಬ್ಬರ ಹತ್ತಿರ ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳನ್ನು ಅಳೆಯುವ ಪುಟ್ಟ ಯಂತ್ರ ಎರವಲು ತಂದು ಹಾಲ್‌ನಲ್ಲಿಟ್ಟೆ. ಜುಲೈ ತಿಂಗಳ ಜಿಟಿಜಿಟಿ ಮಳೆ, ಕಿಟಕಿ ಎಲ್ಲ ಮುಚ್ಚಿತ್ತು. ಅರ್ಧ ಬತ್ತಿ ಉರಿಯುವ ಮೊದಲೇ ಅಂಕಿ (ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಕಣ ಅಂತ) ನೂರು ದಾಟಿತು. ನಮ್ಮ ದೇಶದಲ್ಲಿ ದಿನದ ಸರಾಸರಿಗೆ ಇಟ್ಟಿರುವ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆಯದು 15. ಒಂದು ಗಳಿಗೆಯ ಅಂಕಿಯನ್ನು ದಿನದ ಸರಾಸರಿಗೆ ಹೋಲಿಸುವುದು ಸರಿಯಲ್ಲ, ಗೊತ್ತು. ಆದರೆ ಬತ್ತಿ ಆರಿದ ಮೇಲೂ ಅದು ಇಳಿಯಲು ಎಷ್ಟು ಹೊತ್ತು ತೆಗೆದುಕೊಂಡಿತು ಅಂತ ನೋಡಿದಾಗ ಮಗಳ ಸೀನಿಗೆ ಅರ್ಥ ಸಿಕ್ಕಿತು.

ನಮ್ಮ ದೇವರ ಗೂಡು ಅಡುಗೆಮನೆಯಲ್ಲೇ ಇದೆ. ಎಕ್ಸಾಸ್ಟ್ ಫ್ಯಾನ್ ಹಾಕಿ ಹಾಲ್‌ನ ಕಿಟಕಿ ಒಂದು ಗೇಣು ತೆಗೆದರೆ ಗಾಳಿ ಹಾಲ್‌ನಿಂದ ಒಳಗೆ ಹರಿದು ಹೊಗೆಯನ್ನು ಹೊರಗೆ ದಬ್ಬುತ್ತದೆ. ದೇವರ ಗೂಡು ಹಾಲ್‌ನಲ್ಲಿರುವ ಮನೆಯಲ್ಲಿ ಇದೇ ಫ್ಯಾನ್ ಹಾಕಿದರೆ ಹೊಗೆ ಮನೆಯೆಲ್ಲ ಮೆರವಣಿಗೆ ಹೊರಟು ಅಡುಗೆಮನೆ ಸೇರುತ್ತದೆ. ಬತ್ತಿಯನ್ನೂ ಅರ್ಧಕ್ಕೆ ಮುರಿದು ಹಚ್ಚುತ್ತೇವೆ. ಮಂಗಳಾರತಿ ಮುಗಿಯುವವರೆಗೆ ಅಷ್ಟು ಸಾಕು.

ಮಗಳ ಉಸಿರಿನಲ್ಲಿ ಗೊರಗೊರ ಸದ್ದಿಲ್ಲ ಅಂತ ಡಾಕ್ಟರ್ ನೋಡಿ ಹೇಳಿದ ಮೇಲೇ ಇದನ್ನೆಲ್ಲ ಮಾಡಿದ್ದು. ಆಸ್ತಮಾ ಇರುವ ಮನೆಯಲ್ಲಿ ಇಂಥ ಪರೀಕ್ಷೆ ಬೇಡ, ಹೊಗೆಯೂ ಬೇಡ.

ಇನ್ನು ನನ್ನ ಸಾಂಬ್ರಾಣಿ. ಶುಕ್ರವಾರ ಎಣ್ಣೆ ನೀರು ಹಾಕಿದ ಮೇಲೆ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಅಮ್ಮ ನನ್ನ ಕೂದಲು ಒಣಗಿಸುತ್ತಿದ್ದರು. ಮಿದುಳಿನಲ್ಲಿ ವಾಸನೆಯ ದಾರಿ ನೆನಪು ಮತ್ತು ಭಾವನೆಯ ಜಾಗಗಳಿಗೆ ತೀರಾ ಹತ್ತಿರ. ಅದಕ್ಕೇ ನನಗದು ಅಷ್ಟು ಇಷ್ಟ. ಮಗಳಿಗೆ ಆ ಬುಟ್ಟಿ ಗೊತ್ತಿಲ್ಲ, ‘ಅಮ್ಮಾ ಹೊಗೆ’ ಅನ್ನುತ್ತಾಳೆ. ಅವಳನ್ನು ಒಪ್ಪಿಸಲು ಹೋಗಲಿಲ್ಲ, ಹಾಕುವ ರೀತಿ ಬದಲಾಯಿಸಿದೆ. ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಿಂದ ಗಟ್ಟಿ ಸಾಂಬ್ರಾಣಿ ತಂದು ರಾಗಿ ಕಾಳಿನಷ್ಟು ಚೂರು ಮಾಡಿಕೊಳ್ಳುತ್ತೇನೆ. ಬೇಗ ಹೊತ್ತುವ ಇದ್ದಿಲ ಬಿಲ್ಲೆಯಲ್ಲಿ ಪೆಟ್ಲುಪ್ಪು ಇರುತ್ತದೆ, ಮೊದಮೊದಲು ಚಟಪಟ ಸಿಡಿದು ಕಮಟು ವಾಸನೆ ಬರುತ್ತದೆ. ಅದನ್ನು ಬಾಲ್ಕನಿಯಲ್ಲಿ ಹೊತ್ತಿಸಿ, ಸಿಡಿಯುವುದು ನಿಂತು ಮೇಲೆ ಬೂದಿ ಕೂರುವವರೆಗೆ ಕಾಯಬೇಕು. ಆಮೇಲೆ ಇನ್ನೂ ಸ್ವಲ್ಪ ಬೂದಿ ಹರಡಿ, ಅದರ ಮೇಲೆ ಎರಡು ಚೂರು. ನೇರ ಕೆಂಡಕ್ಕೆ ಬಿದ್ದರೆ ಬುಸ್ ಅಂತ ಬಿಳಿ ಹೊಗೆ ಎದ್ದು ಸುಟ್ಟು ಹೋಗುತ್ತದೆ. ಬೂದಿಯ ಮೇಲಿದ್ದರೆ ಮೆಲ್ಲಗೆ ಕರಗಿ, ಗುಳ್ಳೆ ಎದ್ದು, ಹೊಗೆಗಿಂತ ಜಾಸ್ತಿ ಘಮ ಕೊಡುತ್ತದೆ. ಬಾಗಿಲು ಮಾತ್ರ ತೆರೆದೇ ಇರಬೇಕು, ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ.

ಈಗ ದಿನಕ್ಕೆ ಮಸಾಲೆ ಗಂಧದ ಅರ್ಧ ಬತ್ತಿ, ಶುಕ್ರವಾರ ಸಾಂಬ್ರಾಣಿ. ಉಳಿದ ಮಲ್ಲಿಗೆ ಪ್ಯಾಕೆಟ್‌ಗಳನ್ನು ಕೆಳಗಿನ ಮನೆಯವರಿಗೆ ಕೊಟ್ಟೆ, ಅವರಿಗೆ ಅದೇ ಪ್ರಾಣ. ಸಂಜೆ ಮೆಟ್ಟಿಲು ಹತ್ತುವಾಗ ಯಜಮಾನರು ಸ್ವಲ್ಪ ಬೇಗ ಬೇಗ ಹೆಜ್ಜೆ ಹಾಕುತ್ತಾರೆ.